ಕೋದಂಡದ ಕಾಲದಿಂದ ಅಂಗನವಾಡಿವರೆಗೆ

ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಹತ್ತು ಮನೆ ಹೊಕ್ಕು ಬಂದ್ರೆ ಮಕ್ಕಳನ್ನ ಸಾಕೋ ಹತ್ತು ರೀತಿ ಕಾಣ್ತವೆ. ಒಬ್ಬರು ಸಂಜೆ ದೃಷ್ಟಿ ತೆಗೀದೆ ಮಗು ಮಲಗ್ಸಲ್ಲ, ಇನ್ನೊಬ್ಬರು ಅದನ್ನ ನಂಬೋದೇ ಇಲ್ಲ. ಒಂದು ಮನೇಲಿ ಐದು ವರ್ಷ ಆದ್ರೂ ಕೈತುತ್ತು, ಇನ್ನೊಂದ್ರಲ್ಲಿ ಎರಡು ವರ್ಷದ ಮಗು ತಾನೇ ಕಲಸ್ಕೊಂಡು ತಿನ್ನುತ್ತೆ. ಇದ್ರಲ್ಲಿ ಯಾರದ್ದೂ ತಪ್ಪಿಲ್ಲ. ಆದ್ರೆ ಮಗು ಹಟ ಮಾಡಿದಾಗ ಏನ್ಮಾಡ್ಬೇಕು ಅನ್ನೋ ಮಾತು ಬಂದ್ರೆ ಮಾತ್ರ ಮನೆಮನೇಲೂ ಜಗಳ.

ಹಿಂದೆ ಈ ಜಗಳ ಇರ್ಲಿಲ್ಲ, ಯಾಕಂದ್ರೆ ಎಲ್ರೂ ಏಟನ್ನೇ ನಂಬಿದ್ರು. ಕೂಲಿಮಠದ ಕಾಲದಲ್ಲಿ ಮರಳ ಮೇಲೆ ಬೆರಳಲ್ಲಿ ಅಕ್ಷರ ತಿದ್ದಿಸ್ತಿದ್ರು, ತಪ್ಪಿದ್ರೆ ಬೆತ್ತ. ತುಂಟ ಹುಡುಗ್ರಿಗೆ ಕೋದಂಡ, ಅಂದ್ರೆ ತೊಲೆಗೆ ಕಟ್ಟಿದ ಹಗ್ಗ ಹಿಡ್ಕೊಂಡು ನೇತಾಡೋದು. ಹೆತ್ತೋರೇ ಹೋಗಿ "ನಾಲ್ಕು ಬಿಗೀರಿ ಮೇಷ್ಟ್ರೇ" ಅಂತಿದ್ರು. ಅವ್ರಿಗೇನು ಮಕ್ಕಳ ಮೇಲೆ ಪ್ರೀತಿ ಇರ್ಲಿಲ್ವಾ? ಇತ್ತು. ಬುದ್ಧಿ ಬರೋದೇ ಏಟಿಂದ ಅಂತ ತಿಳ್ಕೊಂಡಿದ್ರು, ಅಷ್ಟೇ.

1939ರಲ್ಲಿ ಇಟಲಿಯ ಮರಿಯಾ ಮಾಂಟೆಸ್ಸೊರಿ ಮದರಾಸಿನ ಅಡ್ಯಾರ್‌ಗೆ ಬಂದ್ರು. ಯುದ್ಧ ಶುರುವಾಗಿ ವರ್ಷಗಟ್ಲೆ ಇಲ್ಲೇ ಉಳಿದು ಶಿಕ್ಷಕರಿಗೆ ತರಬೇತಿ ಕೊಟ್ರು. ಮಗುವಿನ ಕೈಗೆ ಅದಕ್ಕೆ ತಕ್ಕ ಕೆಲ್ಸ ಕೊಟ್ರೆ ಅದು ತಾನಾಗೇ ಹದಕ್ಕೆ ಬರುತ್ತೆ ಅನ್ನೋದು ಅವ್ರ ಮಾತಿನ ಸಾರ. ಹೆಸರುಬೇಳೆ ಆರ್ಸೋಕೆ ಮೊಮ್ಮಗಳನ್ನ ಪಕ್ಕ ಕೂರಿಸ್ಕೊಳ್ಳೋ ಅಜ್ಜಿಗೂ ಇದು ಗೊತ್ತಿತ್ತು ಬಿಡಿ.

1975ರ ಅಕ್ಟೋಬರ್ 2ಕ್ಕೆ ದೇಶದ 33 ಕಡೆ ಅಂಗನವಾಡಿ ಯೋಜನೆ ಶುರುವಾಯ್ತು. ನಮ್ಮ ರಾಜ್ಯದಲ್ಲಿ ಮೊದಲು ತಿ. ನರಸೀಪುರದಲ್ಲಿ. ಇದ್ರಲ್ಲಿ ನಂಗೆ ಹಿಡಿಸಿದ್ದು, ಕಾರ್ಯಕರ್ತೆ ಅದೇ ಊರಿನ ಹೆಣ್ಮಗಳೇ ಆಗಿರ್ತಾಳೆ. ತಾಂಡಾದ ಮಗು, ಹಟ್ಟಿ ಮಗು, ಪೇಟೆ ಮಗು, ಯಾರ ಮನೆ ಪದ್ಧತಿ ಏನು ಅಂತ ಅವಳಿಗೆ ಗೊತ್ತು. ಈಗ ಶಾಲೆ ಊಟದಲ್ಲೂ ಮೊಟ್ಟೆ ತಿನ್ನೋರಿಗೆ ಮೊಟ್ಟೆ, ಒಲ್ಲದೋರಿಗೆ ಬಾಳೆಹಣ್ಣು ಕೊಡ್ತಾರೆ. ಸಾಲು ಒಂದೇ.

1979ರಲ್ಲಿ ಸ್ವೀಡನ್ ದೇಶದೋರು ಮನೇಲೂ ಮಕ್ಕಳಿಗೆ ಹೊಡೀಬಾರ್ದು ಅಂತ ಕಾನೂನು ಮಾಡಿದ್ರು, ಪ್ರಪಂಚದಲ್ಲೇ ಮೊದಲು. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೇಲಿ ಏಟನ್ನೂ ಮನಸ್ಸಿಗೆ ನೋವು ಮಾಡೋದನ್ನೂ ನಿಲ್ಸಿತು. ಆದ್ರೆ ಆ ಕಾಯ್ದೆ ನಮ್ಮ ಹೊಸ್ತಿಲು ದಾಟಿ ಒಳಗೆ ಬರಲ್ಲ. ಒಳಗಿನದು ನಮಗೇ ಬಿಟ್ಟದ್ದು.

ಮೂರು ವರ್ಷದ ಮಗು ಬೆನ್ನಿಗೆ ಬಿದ್ದ ಒಂದೇಟಿಗೆ ಅತ್ತೆ ಸೊಸೆ ಎರಡು ತಿಂಗಳು ಮಾತು ಬಿಟ್ಟಿದ್ದನ್ನ ನಮ್ಮ ಬೀದೀಲೇ ಕಂಡಿದೀನಿ. ಅತ್ತೆ "ನಾವು ಬೆಳೆಸ್ಲಿಲ್ವಾ" ಅಂದ್ರೆ ಸೊಸೆ "ನಿಮ್ಮ ಕಾಲ ಮುಗೀತು" ಅಂದ್ಲು. ಮಧ್ಯೆ ಮಗು ಯಾರ ಮಡ್ಲಿಗೆ ಹೋಗ್ಬೇಕು ಗೊತ್ತಾಗ್ದೆ ಬಾಗಿಲಲ್ಲೇ ನಿಂತಿರೋದು.

ನನ್ನ ಲೆಕ್ಕ ಇಷ್ಟು. ದೃಷ್ಟಿಬೊಟ್ಟು, ಕೈತುತ್ತು, ಉಡಿದಾರ ಅವರವರ ಮನೆ ನಂಬಿಕೆ, ಯಾರೂ ಆಡ್ಕೋಬಾರ್ದು. ಏಟು, ಗುಮ್ಮನ ಹೆದರಿಕೆ ಮಾತ್ರ ಯಾವ ಮನೇದೂ ಪದ್ಧತಿ ಅಲ್ಲ, ಬಿಡ್ಬೇಕಾದ ಅಭ್ಯಾಸ. ಅದನ್ನೂ ಮಗುವಿನ ಎದುರಿಗೆ ಹೇಳ್ಬಾರ್ದು, "ನಿಮ್ಮ ಜನವೇ ಹಿಂಗೆ" ಅಂತ ಮೊದಲೇ ಅನ್ಬಾರ್ದು. ಮಗು ಮಲಗಿದ್ಮೇಲೆ ಇಬ್ರೇ ಕೂತು ಮಾತಾಡ್ಲಿ. ಹಟ ಹಿಡಿದ ಮಗುಗೆ ತರೀಕೆರೆ ಏರಿ ಮೇಲಿನ ಕರಿ ಕುರಿಮರಿ ಮಾತನ್ನ ಬೇಗ ಬೇಗ ಹೇಳ್ಸಿ ನೋಡಿ, ನಾಲಿಗೆ ತೊಡರಿ ಅದೇ ನಕ್ಕುಬಿಡುತ್ತೆ.