ಗುರುತಿಲ್ಲದ ಮನೆಯಲ್ಲಿ ಒಂದು ಶಾಲಾ ವರ್ಷ

ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡೋಣ. ಹದಿನಾರು ವರ್ಷದ ಒಬ್ಬ ಹುಡುಗಿ ನಿಮ್ಮ ಮನೆಗೆ ಬರ್ತಾಳೆ ಅಂದ್ಕೊಳ್ಳಿ. ಬೇರೆ ದೇಶ, ಬೇರೆ ಭಾಷೆ. ಹತ್ತು ತಿಂಗಳು ನಿಮ್ಮ ಜೊತೆಗೇ ಇದ್ದು, ನಿಮ್ಮೂರಿನ ಹೈಸ್ಕೂಲಿಗೆ ಹೋಗ್ತಾಳೆ. ಅವಳ ಊಟ, ಅವಳಿಗೊಂದು ಹಾಸಿಗೆ, ಎಲ್ಲ ನಿಮ್ಮದೇ ಖರ್ಚು. ನಿಮಗೆ ಒಂದು ರೂಪಾಯಿಯೂ ಸಿಗಲ್ಲ. ಒಪ್ಕೋತೀರಾ?

ಅಮೆರಿಕದಲ್ಲಿ ಎಪ್ಪತ್ತೈದು ವರ್ಷಗಳಿಗೂ ಹೆಚ್ಚು ಕಾಲದಿಂದ ಸಾವಿರಾರು ಕುಟುಂಬಗಳು ಇದಕ್ಕೆ 'ಹೂಂ' ಅನ್ನುತ್ತಾ ಬಂದಿವೆ. ನಮ್ಮಲ್ಲೂ ಹಿಂದೆ ವಾರಾನ್ನ ಅಂತ ಇತ್ತು. ಓದೋಕೆ ಪಟ್ಟಣಕ್ಕೆ ಬಂದ ಬಡ ಹುಡುಗರು ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಅಂತ ಊಟ ಮಾಡ್ತಿದ್ರು. ಆದ್ರೆ ಅಲ್ಲಿ ಸಾಮಾನ್ಯವಾಗಿ ಭಾಷೆ ಒಂದೇ, ಎಷ್ಟೋ ಸಲ ಜಾತಿಯೂ ಒಂದೇ. ಇಲ್ಲಿ ಅದ್ಯಾವ ಎಳೆಯೂ ಇಲ್ಲ. ಹಾಗಿದ್ರೆ ಈ ಯೋಚನೆ ಹುಟ್ಟಿದ್ದು ಎಲ್ಲಿ?

1932ಕ್ಕೆ ಹೋಗೋಣ. ಡೊನಾಲ್ಡ್ ವಾಟ್ ಅನ್ನೋ ಅಮೆರಿಕನ್ ಒಬ್ಬರು ತಮ್ಮ ದೇಶದ ಹುಡುಗರ ಒಂದು ತಂಡವನ್ನ ಯುರೋಪಿಗೆ ಕರ್ಕೊಂಡು ಹೋದ್ರು. ಬೇರೆ ದೇಶದ ಹುಡುಗರ ಜೊತೆ ಕ್ಯಾಂಪಿನಲ್ಲಿ ಒಟ್ಟಿಗೆ ಇಟ್ಟರೆ ಸ್ನೇಹ ತಾನಾಗೇ ಬೆಳೆಯುತ್ತೆ ಅನ್ನೋದು ಲೆಕ್ಕ. ಆದ್ರೆ ಗುಂಪಿನಲ್ಲಿದ್ದಾಗ ನಾವೆಲ್ಲ ಏನು ಮಾಡ್ತೀವಿ? ನಮ್ಮೋರ ಪಕ್ಕದಲ್ಲೇ ಕೂರ್ತೀವಿ. ವಾಟ್ ದಾರಿ ಬದಲಿಸಿದ್ರು. ಕ್ಯಾಂಪು ಬೇಡ, ಒಬ್ಬೊಬ್ಬರನ್ನ ಒಂದೊಂದು ಮನೆಗೆ ಕಳಿಸೋಣ ಅಂದ್ರು. ಮನೆ ಅಂದ್ರೆ ತಟ್ಟೆ ತೊಳೀಬೇಕು, ಲೇಟಾಗಿ ಬಂದ್ರೆ ಕಾರಣ ಹೇಳಬೇಕು, ಮುನಿಸಿಕೊಂಡ್ರೂ ಊಟಕ್ಕೆ ಅದೇ ಟೇಬಲ್ಲಿಗೇ ಬರಬೇಕು. 'ಹೋಮ್‌ಸ್ಟೇ' ಅನ್ನೋ ಪದ ನಮಗೆ ಕೊಡಗು, ಚಿಕ್ಕಮಗಳೂರಿನ ವೀಕೆಂಡ್ ನೆನಪಿಸುತ್ತೆ. ವಾಟ್ ಅವರ ಹೋಮ್‌ಸ್ಟೇನಲ್ಲಿ ಬಿಲ್ ಇರಲಿಲ್ಲ.

ಇದು ಹೈಸ್ಕೂಲು ಮಕ್ಕಳ ದೊಡ್ಡ ಕಾರ್ಯಕ್ರಮವಾಗಿ ಬೆಳೆದದ್ದು ಆಂಬುಲೆನ್ಸ್ ಡ್ರೈವರುಗಳಿಂದ. ಹೌದು, ಆಂಬುಲೆನ್ಸ್! ಅಮೆರಿಕನ್ ಫೀಲ್ಡ್ ಸರ್ವಿಸ್, ಚಿಕ್ಕದಾಗಿ ಎಎಫ್‌ಎಸ್. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್‌ನ ಗಾಯಾಳು ಸೈನಿಕರನ್ನ ಸಾಗಿಸಿದ ಸ್ವಯಂಸೇವಕರ ಪಡೆ ಇದು. ಎರಡನೇ ಮಹಾಯುದ್ಧದಲ್ಲಿ ಇದೇ ಪಡೆ ಉತ್ತರ ಆಫ್ರಿಕಾ, ಇಟಲಿ, ನಮ್ಮ ಭಾರತ-ಬರ್ಮಾ ಗಡಿಯಲ್ಲೂ ಕೆಲಸ ಮಾಡ್ತು. 1945ರಲ್ಲಿ ಬರ್ಗನ್-ಬೆಲ್ಸನ್ ಅನ್ನೋ ನಾಜಿ ಶಿಬಿರದಿಂದ ಬದುಕುಳಿದವರನ್ನ ಹೊರಗೆ ತಂದವರಲ್ಲಿ ಇವರೂ ಇದ್ರು.

ಇದರ ಮುಖ್ಯಸ್ಥರು ಸ್ಟೀಫನ್ ಗಲಾಟಿ. ಹೆಸರು ಗಲಾಟಿ, ಮಾಡಿದ್ದು ಮಾತ್ರ ಗಲಾಟೆ ನಿಲ್ಲಿಸೋ ಕೆಲಸ! ಯುದ್ಧ ಮುಗಿದ ಮೇಲೆ ಅವರೂ ಡ್ರೈವರುಗಳೂ ಕೂತು ಯೋಚಿಸಿದ್ರು. ಗಾಯ ಆದಮೇಲೆ ಹೊತ್ಕೊಂಡು ಓಡೋದು ಇದ್ದೇ ಇದೆ, ಗಾಯ ಆಗೋಕೆ ಮುಂಚೆ ಏನಾದ್ರೂ ಮಾಡಬಹುದಾ ಅಂತ. 1947ರಲ್ಲಿ ಹತ್ತು ದೇಶಗಳಿಂದ 52 ವಿದ್ಯಾರ್ಥಿಗಳು ಅಮೆರಿಕಕ್ಕೆ ಬಂದ್ರು. 1951ರಲ್ಲಿ ಇನ್ನೊಂದು ಪ್ರಯತ್ನ. ರೇಚಲ್ ಆಂಡ್ರೆಸನ್ ಅನ್ನೋ ಮಹಿಳೆ 75 ಜರ್ಮನ್ ಹದಿಹರೆಯದವರಿಗೆ ಮಿಶಿಗನ್ ರಾಜ್ಯದ ಮನೆಗಳನ್ನ ಹುಡುಕಿಕೊಟ್ರು. ಯುದ್ಧ ಮುಗಿದು ಆರೇ ವರ್ಷ ಆಗಿತ್ತು ಅನ್ನೋದನ್ನ ನೆನಪಿಡಿ. ಅದೇ ಜರ್ಮನಿಯ ವಿರುದ್ಧ ಹೋರಾಡಿ ಬಂದವರು, ಮಕ್ಕಳನ್ನ ಕಳ್ಕೊಂಡವರು ಇದ್ದ ಊರುಗಳು ಅವು. ಹಿಂದಿನ ಶತ್ರುವಿನ ಮಗ ಬೆಳಗ್ಗೆ ಎದ್ದು 'ತಿಂಡಿ ಏನು' ಅಂತ ಕೇಳ್ತಾನೆ. ಯಾವ ಶಾಂತಿ ಒಪ್ಪಂದದಲ್ಲೂ ಈ ಸಾಲು ಇರಲ್ಲ.

ಇಲ್ಲಿ ಒಂದು ವಿಷಯ ಗಮನಿಸಿ. ಇದೆಲ್ಲ ನಿಂತಿರೋದು ನಂಬಿಕೆಯ ಮೇಲೆ. ಈ ಕಾರ್ಯಕ್ರಮಗಳಲ್ಲಿ ಹೋಸ್ಟ್ ಕುಟುಂಬಕ್ಕೆ ಸಂಬಳ ಇಲ್ಲ. ತೆರಿಗೆ ಲೆಕ್ಕ ಹಾಕುವಾಗ ಆದಾಯದಲ್ಲಿ ತಿಂಗಳಿಗೆ 50 ಡಾಲರ್‌ವರೆಗೆ ಕಳೆಯಬಹುದು, ಅಷ್ಟೇ. ಅದರಲ್ಲಿ ಒಬ್ಬ ಟೀನೇಜರ್‌ನ ಒಂದು ವಾರದ ಹೊಟ್ಟೆಯೂ ತುಂಬಲ್ಲ. ಆದ್ರೆ ನಂಬಿಕೆಗೆ ಎರಡು ಕಡೆಯಿಂದ ಪೆಟ್ಟು ಬೀಳಬಹುದು, ಮನೆಯ ಹೊರಗಿನಿಂದ ಮತ್ತು ಮನೆಯ ಒಳಗಿನಿಂದ. ಎರಡೂ ಆಗಿದೆ.

ಮೊದಲು ಹೊರಗಿನದು. ಯೋಶಿಹಿರೊ ಹಟ್ಟೋರಿ, ಜಪಾನಿನ ನಗೋಯಾದ ಹುಡುಗ, 16 ವರ್ಷ. 1992ರ ಆಗಸ್ಟ್‌ನಲ್ಲಿ ಲೂಸಿಯಾನ ರಾಜ್ಯದ ಬ್ಯಾಟನ್ ರೂಜ್ ನಗರಕ್ಕೆ ಬಂದ. ಅಕ್ಟೋಬರ್ 17ರ ಸಂಜೆ ಹೋಸ್ಟ್ ಮನೆಯ ಹುಡುಗನ ಜೊತೆ ಹ್ಯಾಲೋವೀನ್ ಪಾರ್ಟಿಗೆ ಹೊರಟ. ವಿಳಾಸ ತಪ್ಪಿ ಬೇರೆ ಮನೆಯ ಬೆಲ್ ಒತ್ತಿದ್ರು. ಆ ಮನೆಯವನು ಗನ್ ಹಿಡಿದು 'ಫ್ರೀಜ್' ಅಂದ. ಅಲ್ಲೇ ನಿಲ್ಲು, ಕದಲಬೇಡ ಅಂತ ಅದರರ್ಥ. ಯೋಶಿ ನಿಲ್ಲಲಿಲ್ಲ, ಮುಂದೆ ಬಂದ. ಒಂದೇ ಗುಂಡು. ಮುಂದಿನ ವರ್ಷ ಕೋರ್ಟಿನಲ್ಲಿ ಆ ವ್ಯಕ್ತಿ ನಿರ್ದೋಷಿ ಅಂತ ತೀರ್ಪಾಯ್ತು.

ಈ ಕಥೆಯಲ್ಲಿ ನನ್ನನ್ನ ಹಿಡಿದು ನಿಲ್ಲಿಸೋದು ನಂತರದ್ದು. ಯೋಶಿಯ ಅಪ್ಪ-ಅಮ್ಮ ಹೋಸ್ಟ್ ಕುಟುಂಬದ ಮೇಲೆ ಮುನಿಸಿಕೊಳ್ಳಲಿಲ್ಲ, ಅವರ ಜೊತೆಗೇ ನಿಂತ್ರು. ಮನೆಮನೆಯಲ್ಲಿ ಗನ್ ಇರೋದರ ವಿರುದ್ಧ ಜಪಾನಿನಲ್ಲಿ ಸುಮಾರು 17 ಲಕ್ಷ ಸಹಿ ಸಂಗ್ರಹ ಆಯ್ತು. 1993ರ ನವೆಂಬರ್‌ನಲ್ಲಿ ಅವರು ಅಧ್ಯಕ್ಷ ಕ್ಲಿಂಟನ್ ಅವರನ್ನ ಭೇಟಿ ಮಾಡಿದ್ರು. ಮಗನ ಹೆಸರಿನಲ್ಲಿ ಒಂದು ನಿಧಿ ಶುರುವಾಯ್ತು. ಅದರ ಕೆಲಸ ಏನು ಗೊತ್ತಾ? ಅಮೆರಿಕದ ಹೈಸ್ಕೂಲು ವಿದ್ಯಾರ್ಥಿಯನ್ನ ಜಪಾನಿಗೆ ಕರೆಸೋದು. ಮಗನನ್ನ ಕಳ್ಕೊಂಡ ದೇಶದ ಮಗುವಿಗೆ ತಮ್ಮ ದೇಶದ ಬಾಗಿಲು ತೆಗೆದ್ರು.

ಇನ್ನು ಮನೆಯ ಒಳಗಿನ ಪೆಟ್ಟು. 2009ರಲ್ಲಿ ಪೆನ್ಸಿಲ್ವೇನಿಯಾದ ಸ್ಕ್ರಾಂಟನ್ ಊರಿನಲ್ಲಿ ಎಕ್ಸ್‌ಚೇಂಜ್ ವಿದ್ಯಾರ್ಥಿಗಳು ಹೊಲಸು ಮನೆಗಳಲ್ಲಿ, ಸಾಕಷ್ಟು ಊಟ ಇಲ್ಲದೆ ಇದ್ದದ್ದು ಬಯಲಾಯ್ತು. ಇದು ಹೇಗೆ ಆಗುತ್ತೆ? ಸ್ಥಳೀಯ ಕೋಆರ್ಡಿನೇಟರ್ ಮನೆ ಹುಡುಕ್ತಾರೆ, ಅದಕ್ಕೆ ಹಲವು ಸಂಸ್ಥೆಗಳಲ್ಲಿ ವಿದ್ಯಾರ್ಥಿಗೆ ಇಷ್ಟು ಅಂತ ಹಣ ಸಿಗುತ್ತೆ. ಆಮೇಲೆ ಮನೆ ಹೇಗಿದೆ ಅಂತ ವರದಿ ಕೊಡೋದೂ ಅವರೇ ಆದ್ರೆ? ತಾನೇ ತಂದ ಮನೆ ಚೆನ್ನಾಗಿಲ್ಲ ಅಂತ ಯಾರು ಬರೀತಾರೆ, ಹೇಳಿ.

ಆಮೇಲೆ ಅಮೆರಿಕ ಸರ್ಕಾರ ನಿಯಮ ಬಿಗಿ ಮಾಡ್ತು. ಈಗ ಮನೆಯಲ್ಲಿರೋ 18 ದಾಟಿದ ಪ್ರತಿಯೊಬ್ಬರ ಕ್ರಿಮಿನಲ್ ಹಿನ್ನೆಲೆ ತಪಾಸಣೆ ಆಗಬೇಕು. ಮನೆಗೇ ಹೋಗಿ ಸಂದರ್ಶನ ಮಾಡಬೇಕು, ಫೋಟೋ ಇರಬೇಕು. ತಿಂಗಳಿಗೊಮ್ಮೆ ವಿದ್ಯಾರ್ಥಿ ಜೊತೆ ಮಾತಾಡಬೇಕು. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು. ಮೊದಲ ಎರಡು ತಿಂಗಳೊಳಗೆ ಮನೆಗೆ ಒಂದು ಭೇಟಿ ಆಗಬೇಕು, ಬರೋರು ಆ ಮನೆಯನ್ನ ಆಯ್ಕೆ ಮಾಡಿದವರಾಗಿರಬಾರದು. ನಂಬಿಕೆ ಬೇಕು, ಆದ್ರೆ ನಂಬಿದವರೇ ಪರೀಕ್ಷಕರೂ ಆಗಬಾರದು. ಇಷ್ಟು ಸರಳ ಮಾತನ್ನ ಕಾಗದಕ್ಕೆ ಇಳಿಸೋಕೆ ಮಕ್ಕಳು ಹಸ್ಕೊಂಡು ಮಲಗಬೇಕಾಯ್ತು.

ಇದು ನಮಗೂ ದೂರದ ವಿಷಯ ಅಲ್ಲ. 9/11 ದಾಳಿಯ ನಂತರ, 2002ರಲ್ಲಿ ಅಮೆರಿಕ 'ಯೆಸ್' ಅನ್ನೋ ಸ್ಕಾಲರ್‌ಶಿಪ್ ಶುರು ಮಾಡ್ತು. ಮುಸ್ಲಿಂ ಜನಸಂಖ್ಯೆ ಗಣನೀಯವಾಗಿರೋ ದೇಶಗಳ ಹೈಸ್ಕೂಲು ಮಕ್ಕಳನ್ನ ಅಮೆರಿಕದ ಮನೆಗಳಿಗೆ ಕರೆಸೋದು ಉದ್ದೇಶ. ಭಾರತದ ಮಕ್ಕಳೂ ಇದರಲ್ಲಿ ಹೋಗಿದ್ದಾರೆ. ಇದೇ ಕಾರ್ಯಕ್ರಮದಲ್ಲಿ ಹೋದ ಕರಾಚಿಯ ಸಬಿಕಾ ಶೇಖ್ 2018ರಲ್ಲಿ ಟೆಕ್ಸಾಸ್‌ನ ಶಾಲೆಯೊಂದರ ಗುಂಡಿನ ದಾಳಿಯಲ್ಲಿ ತೀರಿಕೊಂಡಳು ಅನ್ನೋದನ್ನೂ ಮುಚ್ಚಿಡಬಾರದು. ಮನೆ ಎಷ್ಟೇ ಒಳ್ಳೇದಿದ್ರೂ ಹೊರಗಿನ ಅಪಾಯಕ್ಕೆ ಅದು ಗೋಡೆ ಆಗಲ್ಲ.

ಹಾಗಂತ ಹೋಗಬೇಡಿ ಅಂತ ನಾನು ಹೇಳ್ತಿಲ್ಲ. ನಿಮ್ಮ ತಮ್ಮನೋ ತಂಗಿಯೋ ಇಂಥ ಯಾವುದಾದ್ರೂ ಕಾರ್ಯಕ್ರಮಕ್ಕೆ ಅರ್ಜಿ ಹಾಕ್ತಿದ್ರೆ, ಶಾಲೆ ಎಂಥದು, ಊರು ಎಂಥದು ಅಂತ ವಿಚಾರಿಸೋ ಜೊತೆಗೆ ಇನ್ನೊಂದು ಪ್ರಶ್ನೆ ಕೇಳೋಕೆ ಹೇಳಿ. 'ಈ ಮನೆ ಆರಿಸಿದವರು ಯಾರು, ನನ್ನನ್ನ ನೋಡೋಕೆ ಬರೋರು ಯಾರು?' ಎರಡಕ್ಕೂ ಬೇರೆ ಬೇರೆ ಹೆಸರು ಬಂದ್ರೆ, ಸೂಟ್‌ಕೇಸ್ ಕಟ್ಟೋಕೆ ಶುರು ಮಾಡಬಹುದು. ಉಪ್ಪಿನಕಾಯಿ ಬಾಟ್ಲಿಯ ಮುಚ್ಚಳ ಮಾತ್ರ ಗಟ್ಟಿಯಾಗಿ ಹಾಕಿ.