ಹರಿಯುವ ನೀರಿನಿಂದ ಮೆದುಳಿನ ರಕ್ತದವರೆಗೆ

ತರಗತಿಯಲ್ಲಿ ಎಂ.ಆರ್.ಐ. ಯಂತ್ರದ ಮಾತು ಬಂದಾಗಲೆಲ್ಲ ಅದು ಸಂಪೂರ್ಣವಾಗಿ ಪರದೇಶದ ವಿದ್ಯೆಯೆಂದೇ ನಾನು ಹೇಳುತ್ತಿದ್ದೆ. ಅಂದು ನನ್ನ ಪಾಠ ಕೇಳಿದವರು ಇಂದು ಈ ತಿದ್ದುಪಡಿಯನ್ನೂ ಓದಬೇಕು.

ಕಾಂತಕ್ಷೇತ್ರದಲ್ಲಿರಿಸಿದ ವಸ್ತುವಿನ ನ್ಯೂಕ್ಲಿಯಸ್ಸುಗಳು ರೇಡಿಯೋ ತರಂಗಕ್ಕೆ ಓಗೊಡುವುದನ್ನು ಬ್ಲಾಕ್ ಮತ್ತು ಪರ್ಸೆಲ್ 1946ರಲ್ಲಿ ಪ್ರಕಟಿಸಿದರು. 1952ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. ಅದರ ಹಿಂದಿನ ವರ್ಷವೇ, 1951ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಜಿ. ಸೂರ್ಯನ್ ಅವರು ಇದೇ ಪ್ರಯೋಗವನ್ನು ಹರಿಯುವ ದ್ರವದ ಮೇಲೆ ಮಾಡಿದ್ದರು. ನಿಂತ ನೀರಿನ ನ್ಯೂಕ್ಲಿಯಸ್ಸುಗಳು ತರಂಗದ ಪೆಟ್ಟು ತಿಂದು ದಣಿಯುತ್ತವೆ, ಚೇತರಿಸಿಕೊಳ್ಳಲು ಅವಕ್ಕೆ ಸಮಯ ಬೇಕು. ಹರಿಯುವ ನೀರಾದರೋ ದಣಿಯದ ಹೊಸ ನ್ಯೂಕ್ಲಿಯಸ್ಸುಗಳನ್ನು ತರುತ್ತಲೇ ಇರುತ್ತದೆ. ಆದುದರಿಂದ ಸಂಕೇತ ಪ್ರಬಲವಾಗುತ್ತದೆ. ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಪತ್ರಿಕೆಯಲ್ಲಿ ಕೆಲವೇ ಪುಟಗಳಲ್ಲಿ ಅಚ್ಚಾದ ಬರಹವಿದು. 1959ರಲ್ಲಿ ಅಮೆರಿಕದ ಸಿಂಗರ್ ಅವರು ರಕ್ತದ ಹರಿವನ್ನು ಇದೇ ಬಗೆಯಲ್ಲಿ ಅಳೆಯಲು ಹೊರಟರು.

ವೇಗದ ಪ್ರಶ್ನೆ ಹುಟ್ಟುವುದು ಇಲ್ಲಿಯೇ. 1977ರಲ್ಲಿ ಮ್ಯಾನ್ಸ್‌ಫೀಲ್ಡ್ ಅವರು ಸೂಚಿಸಿದ ವಿಧಾನದಿಂದ ಮುಂದೆ ಸೆಕೆಂಡಿನ ಹತ್ತನೆಯ ಒಂದು ಭಾಗದೊಳಗೆ ಚಿತ್ರ ತೆಗೆಯುವುದು ಸಾಧ್ಯವಾಯಿತು. ಬೇಗ ಬೇಗ ಚಿತ್ರ ತೆಗೆದರೆ ನಿಂತ ಅಂಗಾಂಶ ಮಂಕಾಗುತ್ತದೆ, ಆಗತಾನೇ ಒಳಬಂದ ರಕ್ತ ಹೊಳೆಯುತ್ತದೆ. ಆಗ ದೊಡ್ಡ ರಕ್ತನಾಳದ ಹೊಳಪನ್ನೇ ಮೆದುಳಿನ ಚಟುವಟಿಕೆಯೆಂದು ತಪ್ಪು ತಿಳಿಯುವ ಭಯವಿದೆ. ನಿಧಾನವಾಗಿ ತೆಗೆದರೋ, ಸೆಕೆಂಡಿಗೊಮ್ಮೆ ಬಡಿಯುವ ಹೃದಯದ ಏರಿಳಿತ ಲೆಕ್ಕಕ್ಕೆ ಸಿಗದೆ ಬೇರೆ ವೇಷದಲ್ಲಿ ಚಿತ್ರದೊಳಗೆ ನುಸುಳುತ್ತದೆ.

1992ರಲ್ಲಿ ಇನ್ನೊಂದು ದಾರಿ ತೆರೆಯಿತು. ಕತ್ತಿನಲ್ಲಿ ಹಾಯುವ ರಕ್ತಕ್ಕೆ ಕಾಂತದಿಂದಲೇ ಗುರುತು ಹಾಕಿ, ತುಸು ಕಾದು, ಮೆದುಳಿನ ಚಿತ್ರ ತೆಗೆಯುವುದು. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ಹೊಟ್ಟು ಚೆಲ್ಲಿ ಕೆಳಭಾಗದಲ್ಲಿ ಕಾದು ಕುಳಿತಂತೆ. ಬೇಗ ನೋಡಿದರೆ ಹೊಟ್ಟು ಇನ್ನೂ ಬಂದಿರುವುದಿಲ್ಲ. ತಡಮಾಡುವಂತೆಯೂ ಇಲ್ಲ, ಏಕೆಂದರೆ ರಕ್ತದ ಈ ಗುರುತು ಒಂದೆರಡು ಸೆಕೆಂಡುಗಳಲ್ಲೇ ಮಾಸತೊಡಗುತ್ತದೆ. ಸಾಮಾನ್ಯವಾಗಿ ಎರಡು ಸೆಕೆಂಡಿನ ಆಸುಪಾಸು ಕಾಯುತ್ತಾರೆ. ಮೆದುಳನ್ನು ಪದರ ಪದರವಾಗಿ ನಿಧಾನಕ್ಕೆ ಚಿತ್ರಿಸಿದರೆ ಕೊನೆಯ ಪದರದ ಹೊತ್ತಿಗೆ ಗುರುತು ಮತ್ತಷ್ಟು ಕ್ಷೀಣಿಸಿರುತ್ತದೆ. ಅದಕ್ಕೆ ಲೆಕ್ಕದಲ್ಲಿ ತಿದ್ದುಪಡಿ ಮಾಡಲೇಬೇಕು.

ನನ್ನಂಥ ವಯಸ್ಸಾದವರ ಪಾಡು ಇನ್ನೂ ಸೂಕ್ಷ್ಮ. ನಾಳ ಕಿರಿದಾಗಿದ್ದರೆ ರಕ್ತ ತಡವಾಗಿ ತಲುಪುತ್ತದೆ. ತಡವಾಗಿ ಬರುವ ರಕ್ತವನ್ನು ಬಾರದ ರಕ್ತವೆಂದು ಚಿತ್ರ ತೋರಿಸಬಹುದು. ನೀರು ತಡವಾಗುವುದಕ್ಕೂ ಬಾರದಿರುವುದಕ್ಕೂ ಇರುವ ಅಂತರವನ್ನು ನಮ್ಮ ಸಿಂಧನೂರು, ಮಸ್ಕಿ ಸೀಮೆಯ ಕೆಳಭಾಗದ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದಲೇ ಕೆಲವೆಡೆ ಒಂದೇ ಸಲ ನೋಡದೆ, ಬೇರೆ ಬೇರೆ ಹೊತ್ತು ಕಾದು ಹಲವು ಚಿತ್ರಗಳನ್ನು ತೆಗೆಯುತ್ತಾರೆ.

ಸೂರ್ಯನ್ ಅವರ ಹೆಸರು ನಾನು ಬೋಧಿಸಿದ ಯಾವ ಪಠ್ಯದಲ್ಲಿಯೂ ಇರಲಿಲ್ಲ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಪರ್ಸೆಲ್ ಹೆಸರಿನ ಕೆಳಗೆ ಈಗ ಬರೆದುಕೊಂಡಿದ್ದೇನೆ.