ಗ್ಯಾಸ್‌ಲೈಟಿನ ಬೆಳಕು ಮತ್ತು ತಿರುವಾಂಕೂರಿನ ಮರಳು

ಪುತ್ತೂರು, ಸುಳ್ಯ, ಕಡಬ ಕಡೆಯ ಐವತ್ತು ದಾಟಿದವರ ಹತ್ತಿರ 'ಪೆಟ್ರೋಮ್ಯಾಕ್ಸ್' ಅಂತ ಹೇಳಿ ನೋಡಿ, ಒಂದು ಕ್ಷಣ ಯೋಚನೆ ಮಾಡ್ತಾರೆ. 'ಗ್ಯಾಸ್‌ಲೈಟ್' ಅನ್ನಿ, ತಕ್ಷಣ ಮುಖ ಅರಳುತ್ತೆ. ತಮಾಷೆ ಏನು ಗೊತ್ತಾ? ಆ ಗ್ಯಾಸ್‌ಲೈಟಿಗೆ ಸಿಲಿಂಡರೂ ಇಲ್ಲ, ಪೈಪೂ ಇಲ್ಲ. ಹೊಟ್ಟೆಯಲ್ಲಿರುವುದು ಬರೀ ಚಿಮಿಣಿ ಎಣ್ಣೆ. ಪಂಪ್ ಹೊಡೆದರೆ ಎಣ್ಣೆ ಮೇಲೇರುತ್ತೆ, ಕಾದ ಕೊಳವೆಯಲ್ಲಿ ಆವಿಯಾಗುತ್ತೆ, ಬುಸ್ ಅಂತ ಸದ್ದು ಮಾಡಿ ಉರಿಯುತ್ತೆ. ಉರಿಯುವುದು ಎಣ್ಣೆಯ ಆವಿ. ಹಾಗಾಗಿ ನಮ್ಮ ಹಳ್ಳಿಯವರು ಇಟ್ಟ ಹೆಸರು ತಪ್ಪೇನಲ್ಲ.

ಮದುವೆ ದಿಬ್ಬಣಕ್ಕೆ ಗ್ಯಾಸ್‌ಲೈಟ್. ನೇಮಕ್ಕೆ, ಒತ್ತೆಕೋಲಕ್ಕೆ ಗ್ಯಾಸ್‌ಲೈಟ್. ರಾತ್ರಿ ಜಗಲಿಯಲ್ಲಿ ಸಾಲಾಗಿ ಕೂತು ಅಡಿಕೆ ಸುಲಿಯುವಾಗಲೂ ಅದೇ. ಮನೆಯಲ್ಲಿ ಇಲ್ಲದವರು ಬಾಡಿಗೆಗೆ ತರುತ್ತಿದ್ದರು. ಅದನ್ನು ಹೊತ್ತಿಸುವುದು ಎಲ್ಲರ ಕೈಯಲ್ಲಿ ಆಗುವ ಕೆಲಸವಲ್ಲ, ಊರಿಗೆ ಒಬ್ಬಿಬ್ಬರು ಎಕ್ಸ್‌ಪರ್ಟ್‌ಗಳು ಇರುತ್ತಿದ್ದರು. ಅವರು ಸ್ಪಿರಿಟ್ ಸುರಿದು ಬೆಂಕಿ ಕೊಟ್ಟು ಪಂಪ್ ಹೊಡೆಯುವಾಗ ಸುತ್ತ ಮಕ್ಕಳ ಸೈನ್ಯವೇ ನಿಂತಿರುತ್ತಿತ್ತು.

ಯಕ್ಷಗಾನದ ಕತೆಯಂತೂ ದೊಡ್ಡದು. ಮೊದಲಿಗೆ ಇದ್ದಿದ್ದು ಎಣ್ಣೆಯ ದೀವಟಿಗೆ. ಅದರ ಹಳದಿ ಬೆಳಕು ಹತ್ತಾರು ಅಡಿ ದೂರ ಹೋಗುವಷ್ಟರಲ್ಲಿ ಸತ್ತುಹೋಗುತ್ತೆ. ಗ್ಯಾಸ್‌ಲೈಟ್ ಬಂದ ಮೇಲೆ ರಂಗಸ್ಥಳದಿಂದ ದೂರ ಕೂತವನಿಗೂ ಬಣ್ಣದ ವೇಷದ ಮುಖ ಕಾಣತೊಡಗಿತು. ಅಷ್ಟು ಜನ ಕೂತು ನೋಡಬಹುದು ಅಂತಾದಾಗಲೇ ಅಲ್ವಾ ಟೆಂಟು, ಟಿಕೆಟ್ಟು ಎಲ್ಲ ಸಾಧ್ಯವಾಗುವುದು? ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರಿಗೆ 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದುಕೊಟ್ಟದ್ದು 'ಯಕ್ಷಗಾನ ಬಯಲಾಟ' ಅನ್ನೋ ಗ್ರಂಥ. ಆಟದ ಹಾಡು, ಕುಣಿತ, ವೇಷದ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಚರ್ಚೆ ಆಗಿದೆ. ಅದಕ್ಕೆ ಬೆಳಕು ಕೊಟ್ಟ ವಸ್ತು ಎಲ್ಲಿಂದ ಬಂತು ಅಂತ ಕೇಳಿದವರು ಕಡಿಮೆ.

ದೀಪ ಬಂದಿದ್ದು ಬರ್ಲಿನ್‌ನಿಂದ. ಅಲ್ಲಿನ ಎರಿಶ್ ಅಂಡ್ ಗ್ರೆಟ್ಸ್ ಕಂಪನಿಯ ಮ್ಯಾಕ್ಸ್ ಗ್ರೆಟ್ಸ್ 1910ರ ಹೊತ್ತಿಗೆ ಮಾಡಿದ ದೀಪ ಅದು. ಪೆಟ್ರೋಲಿಯಂನ 'ಪೆಟ್ರೋ', ಅವನ ಹೆಸರಿನ 'ಮ್ಯಾಕ್ಸ್' ಸೇರಿ ಪೆಟ್ರೋಮ್ಯಾಕ್ಸ್. ಬೆಂಗಳೂರಿನ ಬೀದಿಗಳಿಗೆ 1905ರಲ್ಲೇ ಶಿವನಸಮುದ್ರದ ಕರೆಂಟು ಬಂದಿತ್ತು. ಆದರೆ ಪುತ್ತೂರು, ಸುಳ್ಯ ಆಗ ಮೈಸೂರು ಸಂಸ್ಥಾನದಲ್ಲಿರಲಿಲ್ಲ, ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡದ ಕಾಡು ಮೂಲೆಗಳು. ಕರೆಂಟು ಬರುವವರೆಗಿನ ಅಷ್ಟೂ ದಶಕಗಳನ್ನು ತುಂಬಿದ್ದು ಈ ದೀಪ. ಬಂದ ಮೇಲೂ ಅದು ಅಟ್ಟ ಸೇರಲಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ಲೈನು ಹೋದರೆ ದಿನಗಟ್ಟಲೆ ಕತ್ತಲೆ. 110 ಕೆ.ವಿ. ಸಬ್‌ಸ್ಟೇಷನ್‌ಗಾಗಿ ಸುಳ್ಯದವರು ಎಷ್ಟು ವರ್ಷ ಕಾದರು ಅನ್ನೋದನ್ನ ನಾವೇ ಸುದ್ದಿಯಲ್ಲಿ ಓದಿ ಓದಿ ಸುಸ್ತಾಗಿದ್ದೀವಿ.

ಈಗ ದೀಪದ ಒಳಗೆ ಹೋಗೋಣ. ಬೆಳಕು ಕೊಡುತ್ತಿದ್ದದ್ದು ಚಿಮಿಣಿ ಎಣ್ಣೆಯ ಜ್ವಾಲೆಯಲ್ಲ. ಆ ಜ್ವಾಲೆ ನೀಲಿ, ಅದಕ್ಕೆ ಬಿಸಿ ಇದೆ, ಬೆಳಕು ಇಲ್ಲ. ಬೆಳಗುವುದು ಮಧ್ಯದಲ್ಲಿ ಕಟ್ಟಿರುವ ಪುಟ್ಟ ಬಟ್ಟೆಯ ಚೀಲ, ಮ್ಯಾಂಟಲ್. ಥೋರಿಯಂ ಮತ್ತು ಸೀರಿಯಂ ಅನ್ನೋ ಧಾತುಗಳ ನೈಟ್ರೇಟ್ ದ್ರಾವಣದಲ್ಲಿ ಅದ್ದಿ ಒಣಗಿಸಿದ ಬಟ್ಟೆ ಅದು. ಮೊದಲ ಸಲ ಬೆಂಕಿ ಕೊಟ್ಟಾಗ ಬಟ್ಟೆ ಸುಟ್ಟುಹೋಗುತ್ತೆ, ಅದರ ಆಕಾರದಲ್ಲೇ ಆಕ್ಸೈಡಿನ ಬಿಳಿ ಬಲೆ ಉಳಿಯುತ್ತೆ. ಬೆರಳು ತಾಗಿದರೆ ಪುಡಿ, ಆದರೆ ಜ್ವಾಲೆಯ ಬಿಸಿಗೆ ಜಗ್ಗೋದಿಲ್ಲ. ಥೋರಿಯಂ ಆಕ್ಸೈಡ್ ಕರಗಬೇಕಾದರೆ 3,300 ಡಿಗ್ರಿ ಸೆಲ್ಸಿಯಸ್ ಬೇಕು. ಅಳತೆಯ ಮಜಾ ಇಲ್ಲಿದೆ: ಶೇ. 99 ಥೋರಿಯಂ, ಶೇ. 1 ಸೀರಿಯಂ. ಬರೀ ಥೋರಿಯಂ ಹಾಕಿದರೆ ಬೆಳಕೇ ಇಲ್ಲ ಅನ್ನಬೇಕು. ಸೀರಿಯಂ ಜಾಸ್ತಿಯಾದರೂ ಮಂಕು. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ ನನಗೆ ಇದನ್ನು ಯಾವ ಸೆಮಿಸ್ಟರಿನಲ್ಲೂ ಯಾರೂ ಹೇಳಲಿಲ್ಲ.

ಈ ಪಾಕ ಹಿಡಿದವನು ಆಸ್ಟ್ರಿಯಾದ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಕ್. 1885ರಲ್ಲಿ ಮೊದಲ ಮ್ಯಾಂಟಲಿಗೆ ಪೇಟೆಂಟ್ ತಗೊಂಡ. ಅದರಲ್ಲಿದ್ದದ್ದು ಮೆಗ್ನೀಷಿಯಂ, ಲ್ಯಾಂಥನಂ, ಯಟ್ರಿಯಂ. ಬೆಳಕು ಹಸಿರು ಹಸಿರು, ಜನ ಬೇಡ ಅಂದರು. 1891ರಲ್ಲಿ ಥೋರಿಯಂ-ಸೀರಿಯಂ ಸೂತ್ರ ಸಿಕ್ಕಿತು, ಯುರೋಪಿನ ಬೀದಿಗಳೆಲ್ಲ ಬೆಳಗಿದವು. ಅದೇ 1885ರಲ್ಲಿ ಆತ ಇನ್ನೊಂದು ಕೆಲಸವನ್ನೂ ಮಾಡಿದ್ದ. ಒಂದೇ ಧಾತು ಅಂತ ಎಲ್ಲರೂ ನಂಬಿದ್ದ ಡಿಡಿಮಿಯಂ ಅನ್ನು ಬೇರ್ಪಡಿಸಿ ಎರಡು ಧಾತು ತೆಗೆದ: ಪ್ರಸಿಯೋಡೈಮಿಯಂ ಮತ್ತು ನಿಯೋಡೈಮಿಯಂ. ಈ ಎರಡನೇ ಹೆಸರು ನೆನಪಿರಲಿ, ಮುಂದೆ ಬರುತ್ತೆ.

ಥೋರಿಯಂ ಎಲ್ಲಿ ಸಿಗುತ್ತೆ? ಮೊನಜೈಟ್ ಅನ್ನೋ ಭಾರದ ಹಳದಿ ಮರಳಿನಲ್ಲಿ. ಅದೇ ಮರಳಿನಲ್ಲಿ ಸೀರಿಯಂ, ಲ್ಯಾಂಥನಂ, ನಿಯೋಡೈಮಿಯಂ ಎಲ್ಲವೂ ಇವೆ, ನಾವೀಗ ದಿನಾ 'ರೇರ್ ಅರ್ಥ್' ಅಂತ ಕೇಳುತ್ತೀವಲ್ಲ, ಅವು. ಹೆಸರಿಗೆ ರೇರ್ ಅಷ್ಟೆ. ಭೂಮಿಯ ತೊಗಟೆಯಲ್ಲಿ ಸೀರಿಯಂ ಹೆಚ್ಚುಕಮ್ಮಿ ತಾಮ್ರದಷ್ಟೇ ಇದೆ. ಕಷ್ಟ ಇರೋದು ಹುಡುಕುವುದರಲ್ಲಲ್ಲ, ಒಂದರಿಂದ ಒಂದನ್ನು ಬಿಡಿಸುವುದರಲ್ಲಿ.

ಮೊದಲು ಮೊನಜೈಟ್ ಬರುತ್ತಿದ್ದದ್ದು ಬ್ರೆಜಿಲ್‌ನಿಂದ. 1909ರಲ್ಲಿ ಸಿ.ಡಬ್ಲ್ಯು. ಶಾಂಬರ್ಗ್ ಅನ್ನೋ ಜರ್ಮನ್ ರಸಾಯನ ತಜ್ಞ ತಿರುವಾಂಕೂರಿನಿಂದ ಹೋದ ತೆಂಗಿನ ನಾರನ್ನು ನೋಡುತ್ತಿದ್ದ. ನಾರಿಗೆ ಮರಳು ಅಂಟಿತ್ತು. ಮರಳಿನಲ್ಲಿ ಮೊನಜೈಟ್ ಇತ್ತು! ತೆಂಗಿನ ನಾರು ಎಂದರೆ ನಮಗೆ ಪಾತ್ರೆ ತಿಕ್ಕುವ ವಸ್ತು. ಅವನಿಗೆ ಅದರಲ್ಲಿ ಬರ್ಲಿನ್‌ನ ಬೀದಿದೀಪ ಕಂಡಿತು. ಬಂದವನೇ ಮಣವಾಳಕುರಿಚಿಯಲ್ಲಿ ಮರಳು ಬೇರ್ಪಡಿಸುವ ಕಾರ್ಖಾನೆ ಹಾಕಿದ, ಆಮೇಲೆ ಚವರದಲ್ಲಿ ಇನ್ನೊಂದು. ನಮ್ಮ ಮೊನಜೈಟಿನಲ್ಲಿ ಥೋರಿಯಂ ಬ್ರೆಜಿಲ್ಲಿನದ್ದಕ್ಕಿಂತ ಜಾಸ್ತಿ, ಹೆಚ್ಚುಕಮ್ಮಿ ಶೇ. 8ರಿಂದ 10. ಮೊದಲ ಮಹಾಯುದ್ಧ ಶುರುವಾದಾಗ ಶಾಂಬರ್ಗ್ ಜೈಲು ಸೇರಿದ, ಕಾರ್ಖಾನೆಗಳು ಲಂಡನ್ನಿನವರ ಕೈಗೆ ಹೋದವು. ಮರಳು ಹೋಗುವುದು ಮಾತ್ರ ನಿಲ್ಲಲಿಲ್ಲ.

ಲೆಕ್ಕ ಹಾಕಿ. ಮರಳು ಇಲ್ಲಿಂದ ಹಡಗು ಹತ್ತುತ್ತೆ, ಮೂಟೆಯ ಲೆಕ್ಕದಲ್ಲಿ. ಅಲ್ಲಿ ಆಸಿಡ್ಡಿನಲ್ಲಿ ಬೆಂದು, ಸೋಸಿ, ನೈಟ್ರೇಟಾಗಿ, ಬಟ್ಟೆಗೆ ಹತ್ತಿ, ಮ್ಯಾಂಟಲಾಗಿ ಮತ್ತೆ ಹಡಗು ಹತ್ತಿ ಬರುತ್ತೆ, ಈ ಸಲ ಡಜನ್ ಲೆಕ್ಕದಲ್ಲಿ. ಸುಳ್ಯದ ಗದ್ದೆಯ ಆಟದಲ್ಲಿ ಮಹಿಷಾಸುರನ ಮುಖ ಬೆಳಗಿದ್ದು ಪಕ್ಕದ ಕರಾವಳಿಯ ಮರಳು, ಆದರೆ ಯುರೋಪ್ ಸುತ್ತಿ ಬಂದ ಮರಳು.

1940ರ ದಶಕದಲ್ಲಿ ಅಣುಬಾಂಬಿನ ಕಾಲ ಬಂತು, ದೀಪದ ಮರಳು ರಾಜಕೀಯದ ಮರಳಾಯಿತು. 1947ರ ಜೂನ್‌ನಲ್ಲಿ ತಿರುವಾಂಕೂರು ಭಾರತಕ್ಕೆ ಸೇರದೆ ಸ್ವತಂತ್ರ ದೇಶವಾಗುತ್ತೆ ಅಂತ ದಿವಾನ್ ಸಿ.ಪಿ. ರಾಮಸ್ವಾಮಿ ಅಯ್ಯರ್ ಘೋಷಿಸಿದರಲ್ಲ, ಆ ಧೈರ್ಯದ ಹಿಂದೆ ಇದ್ದದ್ದು ಈ ಮೊನಜೈಟ್ ಕೂಡ. ಜುಲೈನಲ್ಲಿ ದಿವಾನರ ಮೇಲೆ ಹಲ್ಲೆ ಆಯಿತು, ಸಂಸ್ಥಾನ ಭಾರತಕ್ಕೆ ಸೇರಿತು. 1950ರಲ್ಲಿ ಇಂಡಿಯನ್ ರೇರ್ ಅರ್ಥ್ಸ್ ಲಿಮಿಟೆಡ್ ಹುಟ್ಟಿತು. 1952ರ ಡಿಸೆಂಬರ್‌ನಲ್ಲಿ ಕೇರಳದ ಆಲುವಾದಲ್ಲಿ ಅದರ ಕಾರ್ಖಾನೆಯನ್ನು ನೆಹರೂ ಉದ್ಘಾಟಿಸಿದರು. 1955ರಲ್ಲಿ ಟ್ರಾಂಬೆಯಲ್ಲಿ ಥೋರಿಯಂ ಘಟಕ ಶುರುವಾಯಿತು. ಅಲ್ಲಿ ತಯಾರಾದ ಥೋರಿಯಂ ನೈಟ್ರೇಟ್ ಹೋಗಿದ್ದು ಎಲ್ಲಿಗೆ? ಗ್ಯಾಸ್ ಮ್ಯಾಂಟಲಿಗೆ! ಹೋಮಿ ಭಾಭಾ ಅವರ ಅಣುಶಕ್ತಿ ಕಾರ್ಯಕ್ರಮದ ಮೊದಲ ಸರಕುಗಳಲ್ಲೊಂದು ನಮ್ಮ ಜಾತ್ರೆಯ ದೀಪಕ್ಕೆ ಬಂದಿತ್ತು.

ಹೌದು, ಥೋರಿಯಂ ವಿಕಿರಣಶೀಲ. ಹಾಗಂತ ಆಟ ನೋಡಿದವರು ಹೆದರಬೇಕಾಗಿಲ್ಲ, ದೂರದಿಂದ ಬರುವ ವಿಕಿರಣ ತೀರಾ ಕಡಿಮೆ. ಎಚ್ಚರ ಬೇಕಾದದ್ದು ಧೂಳಿನ ಬಗ್ಗೆ. ಒಡೆದ ಮ್ಯಾಂಟಲಿನ ಬೂದಿಯನ್ನು ಬಾಯಲ್ಲಿ ಊದಿ ತೆಗೆಯುವ ಅಭ್ಯಾಸ ಇತ್ತಲ್ಲ, ಅದು ಒಳ್ಳೆಯದಲ್ಲ. ಪಶ್ಚಿಮ ದೇಶಗಳಲ್ಲಿ ಎಷ್ಟೋ ಕಂಪನಿಗಳು ಥೋರಿಯಂ ಬಿಟ್ಟು ಯಟ್ರಿಯಂಗೆ ಹೋಗಿವೆ.

ಮೊನಜೈಟ್ ಇರೋದು ಕೇರಳದಲ್ಲಿ ಮಾತ್ರ ಅಂದುಕೊಳ್ಳಬೇಡಿ. ಕುಕ್ಕೆ ಸುಬ್ರಹ್ಮಣ್ಯದ ಕುಮಾರಧಾರೆ ಕಡಬ ತಾಲೂಕು ಹಾದು ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರುತ್ತೆ. ನೇತ್ರಾವತಿ ಮಂಗಳೂರಿನ ಹತ್ತಿರ ಸಮುದ್ರ ಸೇರುವಲ್ಲಿ ದಕ್ಷಿಣದ ದಡ ಉಳ್ಳಾಲ. ಉಳ್ಳಾಲದ ಕಡಲ ಮರಳಿನಲ್ಲಿ ಮೊನಜೈಟ್‌ನಿಂದಾಗಿ ಸಹಜ ವಿಕಿರಣ ಜಾಸ್ತಿ ಇದೆ ಅಂತ ಮಂಗಳೂರು ವಿಶ್ವವಿದ್ಯಾಲಯದ ವಿಜ್ಞಾನಿಗಳು 1993ರಲ್ಲೇ ಪ್ರಕಟಿಸಿದ್ದರು. ಘಟ್ಟದ ಬಂಡೆ ಸವೆದು, ಹೊಳೆ ಹೊತ್ತು ತಂದು, ಅಲೆ ಜರಡಿ ಹಿಡಿದು ಉಳಿಸುವ ಮರಳು ಇಂಥದ್ದೇ.

ಈಗ ಆ ನಿಯೋಡೈಮಿಯಂ. 1980ರ ದಶಕದಲ್ಲಿ ಅದರಿಂದ ಜಗತ್ತಿನ ಅತಿ ಬಲವಾದ ಮ್ಯಾಗ್ನೆಟ್ ತಯಾರಾಯಿತು. ಇವತ್ತು ಪುತ್ತೂರಿನ ರಸ್ತೆಯಲ್ಲಿ ಸದ್ದಿಲ್ಲದೆ ಹೋಗುವ ಎಲೆಕ್ಟ್ರಿಕ್ ಸ್ಕೂಟರಿನ ಮೋಟರಿನಲ್ಲಿ ಇರುವುದು ಸಾಮಾನ್ಯವಾಗಿ ಅದೇ. ನಾವು 1952ರಲ್ಲೇ ಆಲುವಾದಲ್ಲಿ ಈ ಧಾತುಗಳನ್ನು ಮುಟ್ಟಿದವರು. ಆದರೆ ನಮ್ಮ ಕಣ್ಣೆಲ್ಲ ಥೋರಿಯಂ ಮೇಲಿತ್ತು, ಉಳಿದದ್ದು ಉಪ-ಉತ್ಪನ್ನ. ಚೀನಾ ಆ ಉಳಿದದ್ದನ್ನೇ ಹಿಡಿದುಕೊಂಡಿತು. ಅಗ್ಗದ ಚೀನಾ ಮಾಲಿನ ಎದುರು ನಿಲ್ಲಲಾಗದೆ 2004ರ ಹೊತ್ತಿಗೆ ಆಲುವಾದಲ್ಲಿ ಮೊನಜೈಟ್ ಸಂಸ್ಕರಣೆಯೇ ನಿಂತಿತು. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಲೆಕ್ಕದಲ್ಲಿ ನಮ್ಮ ರೇರ್ ಅರ್ಥ್ ನಿಕ್ಷೇಪ 69 ಲಕ್ಷ ಟನ್, ಜಗತ್ತಿನಲ್ಲಿ ಮೂರನೇ ಸ್ಥಾನ. 2024ರ ಉತ್ಪಾದನೆ? 2,900 ಟನ್. ಚೀನಾದ್ದು 2,70,000 ಟನ್. 2025ರ ಏಪ್ರಿಲ್‌ನಲ್ಲಿ ಚೀನಾ ರಫ್ತಿಗೆ ಕಡಿವಾಣ ಹಾಕಿದ ಕೂಡಲೇ ನಮ್ಮ ವಾಹನ ಕಂಪನಿಗಳು ದೆಹಲಿಯ ಬಾಗಿಲು ತಟ್ಟಿದವು. ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಮ್ಯಾಗ್ನೆಟ್ ತಯಾರಿಕೆಗೆ 7,280 ಕೋಟಿ ರೂಪಾಯಿಯ ಯೋಜನೆ ಒಪ್ಪಿತು, ಗುರಿ ವರ್ಷಕ್ಕೆ 6,000 ಟನ್. ದುಡ್ಡು ಸಾಕಾ ಅನ್ನೋದಕ್ಕಿಂತ, ಧಾತು ಬಿಡಿಸುವ ಕೆಲಸ ಕಲಿತ ಕೈಗಳು ಎಷ್ಟಿವೆ ಅನ್ನೋದು ನನ್ನ ಪ್ರಶ್ನೆ. ಮರಳಿನ ಟನ್ ಲೆಕ್ಕ ಹೇಳಿ ಬೀಗುವ ಮಂತ್ರಿಗಳು ಇದಕ್ಕೆ ಉತ್ತರ ಕೊಡೋದು ನಾನು ಕೇಳಿಲ್ಲ.

ಗ್ಯಾಸ್‌ಲೈಟಂತೂ ಹೋಯಿತು. ಈಗ ಆಟದ ಮೇಳಗಳ ಜೊತೆ ಲಾರಿಯಲ್ಲಿ ಬರುವುದು ಎಲ್‌ಇಡಿ. ಅದರ ಚಿಪ್ ಕೊಡುವುದು ನೀಲಿ ಬೆಳಕು. ಅದು ಬೆಳ್ಳಗೆ ಕಾಣಬೇಕಾದರೆ ಮೇಲೊಂದು ಹಳದಿ ಪುಡಿಯ ಲೇಪ ಬೇಕು. ಆ ಪುಡಿಯಲ್ಲಿರುವುದು ಯಟ್ರಿಯಂ, ಜೊತೆಗೆ ಚಿಟಿಕೆಯಷ್ಟು ಸೀರಿಯಂ.